ಗ್ಯಾರೇಜಿನೊಳಗೆ ಗಂಡನ ದನಿ

ಡೊಂಬಿವಲಿ ಪೂರ್ವದ ಎಂಐಡಿಸಿ ವಸತಿ ಭಾಗದಲ್ಲಿ ಒಂದು ಗಲ್ಲಿ ಇದೆ. ಎರಡೂ ಬದಿಗೆ ರೋ-ಹೌಸುಗಳು. ಕಟ್ಟಿಸಿದ ಬಿಲ್ಡರ್ ಪುಣ್ಯಾತ್ಮ ಪ್ರತಿ ಮನೆಗೂ ಕೆಳಗೊಂದು ಗ್ಯಾರೇಜು ಕೊಟ್ಟಿದ್ದಾನೆ. ಆ ಗ್ಯಾರೇಜುಗಳಲ್ಲಿ ಕಾರೊಂದನ್ನು ಬಿಟ್ಟು ಸಕಲವೂ ಇದೆ. ಕಾರುಗಳು ರಸ್ತೆಯಲ್ಲಿ ಬಿಸಿಲು ಮಳೆ ತಿನ್ನುತ್ತ ನಿಂತಿರುತ್ತವೆ. ಮುರಿದ ಸೋಫಾ, ಕೆಟ್ಟ ಕೂಲರು, ಹೋದ ವರ್ಷದ ಗಣಪತಿ ಮಂಟಪ ನೆರಳಿನಲ್ಲಿ ಸುಖವಾಗಿರುತ್ತವೆ. ಇಡೀ ಗಲ್ಲಿಯಲ್ಲಿ ಕೆಲಸಕ್ಕೆ ಬಂದ ಗ್ಯಾರೇಜು ಅಂದರೆ ಈರವ್ವನದೊಂದೇ.

ಈರವ್ವ ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಮೊದಲು ಅಡುಗೆಮನೆಯಲ್ಲೇ ಬಡಿಯುತ್ತಿದ್ದಳು. ಕಲ್ಯಾಣದ ಬೀಗರು ತಿಂದು ಇನ್ನಷ್ಟು ಕೇಳಿದರು, ಠಾಣೆಯ ನೆಂಟರು ಕೇಳಿದರು, ರಬಾಳೆಯ ಕಾರ್ಖಾನೆಗಳಲ್ಲಿ ದುಡಿಯುವ ಗದಗು, ಬಾಗಲಕೋಟೆಯ ಹುಡುಗರು ಕೇಳಿದರು. ಅಡುಗೆಮನೆ ಸಾಲದಾಗಿ ರೊಟ್ಟಿ ಬೇಯಿಸುವ ಹಂಚು ಗ್ಯಾರೇಜಿಗೆ ಇಳಿಯಿತು. ಈಗ ಅಲ್ಲಿ ಎರಡು ದೊಡ್ಡ ಗ್ಯಾಸ್ ಒಲೆ, ತವರಿನಿಂದ ಬಂದ ಕಬ್ಬಿಣದ ಹಂಚು, ರೊಟ್ಟಿಯ ಗಳಿಕೆಯಲ್ಲೇ ಕೊಂಡ ಹಿಟ್ಟಿನ ಗಿರಣಿ, ಖಡಕ್ ರೊಟ್ಟಿ ಒಟ್ಟುವ ಬಿದಿರಿನ ಬುಟ್ಟಿಗಳು ಇವೆ. ಐವತ್ತು ದಾಟಿದ ಮೇಲೆ ಈರವ್ವನಿಗೆ 'ಇದು ನನ್ನದು' ಅನ್ನುವ ಒಂದು ಕೋಣೆ ಸಿಕ್ಕಿತ್ತು. ಅದಕ್ಕೆ ಕಿಟಕಿ ಇರಲಿಲ್ಲ ಅನ್ನುವುದು ಬೇರೆ ಮಾತು.

ಗಂಡ ವೀರಭದ್ರಪ್ಪನಿಗೆ ಉಲ್ಹಾಸನಗರದಲ್ಲಿ ಜೀನ್ಸಿನ ಗುಂಡಿ, ಝಿಪ್ಪುಗಳ ಅಂಗಡಿ. ಕೆಟ್ಟ ಮನುಷ್ಯನಲ್ಲ. ದನಿಯನ್ನು ಮಾತ್ರ ದೇವರು ಅಳತೆ ನೋಡದೆ ಸುರಿದುಬಿಟ್ಟಿದ್ದ. ಹೊಲದ ಆ ತುದಿಯ ಎತ್ತನ್ನು ಈ ತುದಿಯಿಂದ ಕರೆಯುತ್ತಿದ್ದ ವಂಶ. ಎತ್ತೂ ಹೋಯಿತು, ಹೊಲವೂ ಹೋಯಿತು, ದನಿ ಉಳಿಯಿತು. ಅವನು ಫೋನಿನಲ್ಲಿ ತಮ್ಮನ ಆರೋಗ್ಯ ವಿಚಾರಿಸಿದರೆ ಗಲ್ಲಿಯವರು ಆಸ್ತಿ ಪಾಲಾಗುತ್ತಿದೆ ಅಂದುಕೊಳ್ಳುತ್ತಿದ್ದರು. 'ಚಾ ತಾ' ಅಂದರೆ ಎದುರುಮನೆಯ ನಾಯಿ ಎದ್ದು ನಿಲ್ಲುತ್ತಿತ್ತು.

ಮುಂದೆ ಆದದ್ದಕ್ಕೆಲ್ಲ ಮೂಲ ಗಣಪತಿಯವರ ಟ್ರೆಡ್‌ಮಿಲ್ಲು. ಗಣಪತಿ, ಜಾನಕಿ ಪಕ್ಕದ ಮನೆಯ ಮೈಸೂರಿನ ದಂಪತಿ. ಗಣಪತಿಯವರಿಗೆ ನವಿ ಮುಂಬಯಿಯ ಯಾವುದೋ ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಕೆಲಸ. ಒಂದು ಭಾನುವಾರ ಅವರು ಮಾಲ್‌ಗೆ ಹೋಗಿ ಬರುವಷ್ಟರಲ್ಲಿ ಗ್ಯಾರೇಜಿನ ಬೀಗ ಒಡೆದು ಟ್ರೆಡ್‌ಮಿಲ್ಲನ್ನು ಯಾರೋ ಎತ್ತಿಕೊಂಡು ಹೋಗಿದ್ದರು. ಅದರ ಮೇಲೆ ಟವೆಲ್ಲು ಒಣಗಿದ್ದನ್ನು ಎಲ್ಲರೂ ನೋಡಿದ್ದರು, ಗಣಪತಿ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಕಳುವಾದ ಮೇಲೆ ಮಾತ್ರ ಅವರು 'ದಿನಾ ಓಡ್ತಿದ್ದೆ' ಅನ್ನತೊಡಗಿದರು. ಹೇಳಿ ಹೇಳಿ ತಾವೇ ನಂಬಿದರು. ಹೊಟ್ಟೆ ಬಂದದ್ದಕ್ಕೂ ಈಗ ಕಳ್ಳನೇ ಹೊಣೆ.

ಅವರ ಮನೆಯ ಪಡಸಾಲೆಯಲ್ಲಿ ಗಲ್ಲಿಯ ಸಭೆ ಸೇರಿತು. ಬಿಸ್ಕೀಟು, ಚಹಾ ಆಯಿತು. 'ಗಲ್ಲಿ ಸುರಕ್ಷಾ' ಅಂತ ವಾಟ್ಸಾಪ್ ಗುಂಪು ಹುಟ್ಟಿತು. ಮನೆಗೊಂದು ಬಿದಿರಿನ ದೊಣ್ಣೆ ಕಲ್ಯಾಣದಿಂದ ತರಿಸುವುದೆಂದು ಠರಾವಾಯಿತು.

"ನೋಡಿ, ಯಾರ ಮನೇಲಿ ಒಂಚೂರು ಸದ್ದಾದ್ರೂ ಸರಿ, ಎಲ್ರೂ ದೊಣ್ಣೆ ಹಿಡ್ಕೊಂಡು ಆಚೆ ಬಂದ್ಬಿಡಬೇಕು. ಯೋಚನೇನೇ ಮಾಡಕೂಡದು. ನಾವೆಲ್ಲ ಒಂದೇ ಫ್ಯಾಮಿಲಿ," ಅಂದರು ಗಣಪತಿ, ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ.

ಎಲ್ಲರೂ ಕೈ ಎತ್ತಿದರು. ಎದುರುಮನೆಯ ಸಾವಂತ್ ಕಾಕೂ, ಶಾಲೆಯಲ್ಲಿ ಟೀಚರಾಗಿ ನಿವೃತ್ತಿಯಾದ ಮರಾಠಿ ಹೆಂಗಸು, ಎರಡೂ ಕೈ ಎತ್ತಿದರು. ಈರವ್ವನಿಗೆ ನಿಜವಾಗಿ ಸಂತೋಷವಾಯಿತು. ಇಷ್ಟು ವರ್ಷ ಈ ಊರಿನಲ್ಲಿದ್ದೂ ನಾಲ್ಕು ಜನ ತನ್ನವರು ಅನ್ನಿಸಿದ್ದು ಅವತ್ತೇ.

ಮನೆಗೆ ಬಂದ ಕೂಡಲೇ ವೀರಭದ್ರಪ್ಪ ಆ ಸಂತೋಷಕ್ಕೆ ನೀರೆರಚಿದ.

"ಹಿಂಗ ಸಭಾ ಮಾಡಿ ಡಂಗುರ ಹೊಡದ್ರ ಕಳ್ಳಗ ಗೊತ್ತಾಗೂದಿಲ್ಲೇನು? ಬಂದೋಬಸ್ತ ಅಂದ್ರ ಗುಪ್ತ ಇರಬೇಕು. ನಮ್ಮ ಗ್ಯಾರೇಜಿಗೆ ನಾ ಅಲಾರಂ ಕೂಡ್ರಸ್ತೀನಿ. ನೀ ಯಾರ ಮುಂದೂ ಬಾಯಿ ಬಿಡಂಗಿಲ್ಲ."

"ಅಲಾರಂ ಯಾಕ ಬೇಕ್ರಿ? ಶಟರಿನ ಹಿಂದ ನಾಕ ಸ್ಟೀಲ್ ತಾಟು, ಮ್ಯಾಲೊಂದು ಕೊಡಪಾನ ಒಟ್ಟಿಟ್ರ ಆತು. ಎತ್ತಿದ ಕೂಡ್ಲೆ ಧಡಾರಂತ ಬೀಳ್ತಾವ. ಸಾವಂತ್ ಕಾಕೂಗ, ಜಾನಕಿಗ ಒಂದ ಮಾತ ಹೇಳಿಟ್ರ ಮುಗೀತು."

"ತಾಟಿನ ಅಲಾರಂ! ಕಳ್ಳ ಅಂಜಿ ಓಡಬೇಕು, ಉಣ್ಣಾಕ ಕೂಡಬಾರದು."

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಮಹಾಪೆಯಲ್ಲಿ ಕೆಲಸ ಮಾಡುವ ಮಗ ಪ್ರಭುದೇವ ಫೋನಿನಲ್ಲಿ, ಕ್ಯಾಮೆರಾ ಹಾಕಿಸಪ್ಪ, ಮೊಬೈಲಿನಲ್ಲೇ ನೋಡಬಹುದು ಅಂದ. "ಕ್ಯಾಮೆರಾ ನೋಡತೈತಿ, ಖರೇ. ಬೈತೈತೇನು?" ಅಂದ ವೀರಭದ್ರಪ್ಪ.

ಮೊದಲು ಬಂದದ್ದು ಗುಂಡಿಗಿಂತ ಕೊಂಚ ದೊಡ್ಡದಾದ ಅಯಸ್ಕಾಂತದ ಅಲಾರಂ, ಉಲ್ಹಾಸನಗರದ ಸಂದಿಯೊಂದರ ಮಾಲು. ಒಂದು ತುಂಡು ಶಟರಿಗೆ, ಇನ್ನೊಂದು ಚೌಕಟ್ಟಿಗೆ. ಬೇರೆಯಾದರೆ ಕಿರ್ ಅನ್ನುತ್ತದೆ. ಆ ಕಿರ್ರು ಎಷ್ಟು ಸಣ್ಣದೆಂದರೆ ಕೇಳಬೇಕಾದರೆ ಕಳ್ಳನೇ ಬಗ್ಗಿ ಕಿವಿಗೊಡಬೇಕಿತ್ತು. ಎರಡನೆಯದು ಅದುರಿದರೆ ಕೂಗುವ ಡಬ್ಬಿ. ಅದು ನೀರಿನ ಟ್ಯಾಂಕರ್ ಹೋದರೂ ಕೂಗಿತು, ಈರವ್ವ ರೊಟ್ಟಿ ಬಡಿದರೂ ಕೂಗಿತು, ಬೀಗದ ಮೇಲೆ ಸುತ್ತಿಗೆಯಿಂದ ಹೊಡೆದು ಪರೀಕ್ಷಿಸಿದಾಗ ಮಾತ್ರ ಕೂಗಲಿಲ್ಲ. ಮೂರನೆಯದರಲ್ಲಿ ವೀರಭದ್ರಪ್ಪನ ಮುಖ ಅರಳಿತು. ಅದು ನಿಜಕ್ಕೂ ಅಲಾರಮ್ಮೇ ಅಲ್ಲ. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ 'ಆಯಿಯೇ, ಆಯಿಯೇ' ಅನ್ನಲು ಅಂಗಡಿಗಳ ಬಾಗಿಲಲ್ಲಿ ತೂಗುಹಾಕುತ್ತಾರಲ್ಲ, ಆ ಡಬ್ಬಿ. ಯಾರು ಸುಳಿದರೂ ಅದಕ್ಕೆ ತಿಳಿಯುತ್ತದೆ. 'ಆಯಿಯೇ' ಅಳಿಸಿ ನಮಗೆ ಬೇಕಾದ್ದನ್ನು ನಮ್ಮದೇ ದನಿಯಲ್ಲಿ ತುಂಬಬಹುದು. ಒಮ್ಮೆ ಶುರುವಾದರೆ ರಿಮೋಟ್ ಒತ್ತುವ ತನಕ, ಇಲ್ಲವೇ ತನಗೇ ಸಾಕಾಗುವ ತನಕ, ಅದನ್ನೇ ಹೇಳುತ್ತಿರುತ್ತದೆ. ಜೊತೆಗೊಂದು ದೊಡ್ಡ ಸ್ಪೀಕರನ್ನೂ ಅವನು ಬೆಸೆಯಿಸಿಕೊಂಡು ತಂದಿದ್ದ.

ಒಂದು ಸಂಜೆ ಗ್ಯಾರೇಜಿನ ಶಟರು ಇಳಿಸಿಕೊಂಡು ಧ್ವನಿಮುದ್ರಣಕ್ಕೆ ನಿಂತ. ಮೊದಲ ಸಲ "ನಾನು, ಉಲ್ಹಾಸನಗರದ ಬಟನ್ ವ್ಯಾಪಾರಿ, ವೀರಭದ್ರಪ್ಪ ಸಂಗಪ್ಪ..." ಅಂತ ಅಜ್ಜ ಮುತ್ತಜ್ಜರ ತನಕ ಹೇಳುವಷ್ಟರಲ್ಲಿ ಡಬ್ಬಿ ತುಂಬಿಹೋಯಿತು. ಎರಡನೆಯ ಸಲ ಕೆಮ್ಮು ಬಂತು. ಮೂರನೆಯ ಸಲ ಕಳ್ಳನನ್ನು ನೆನೆದು ಬೈಯಲು ಹೋದರೆ ಸಿಟ್ಟೇ ಬರಲಿಲ್ಲ. ಕಂಡರಿಯದವನ ಮೇಲೆ ಸಿಟ್ಟು ಮಾಡುವುದು ಸುಲಭವಲ್ಲ. ಕೇಳಿ ನೋಡಿದರೆ ಬಾಕಿ ಕೇಳಲು ಬಂದವನ ದನಿಯಿತ್ತು. ನಾಲ್ಕನೆಯ ಸಲ ಗುಂಡಿ ಒತ್ತಿ ಎದೆಯುಬ್ಬಿಸಿ ನಿಂತಾಗ ಒಳಬಾಗಿಲು ತೆರೆಯಿತು. ಈರವ್ವ ಚಹಾ ತಂದಿದ್ದಳು.

"ಏ! ಯಾಕ ಬಂದಿ ಇಲ್ಲಿ?" ವೀರಭದ್ರಪ್ಪ ಗುಡುಗಿದ. "ಎಷ್ಟ ಸಲ ಹೇಳಬೇಕು? ಇನ್ನೊಂದ ಹೆಜ್ಜಿ ಇಟ್ರ ಕಾಲ ಮುರದ ಕೈಯಾಗ ಕೊಡ್ತೀನಿ! ಹೊರಗ ನಡಿ!"

ಡಬ್ಬಿ ಅಷ್ಟನ್ನೂ ನುಂಗಿಕೊಂಡಿತು. ಮರುಗಳಿಗೆ ಅವನು ಅದನ್ನು ಹಾಕಿ ಕೇಳಿದ. ಗೋಡೆಗಳು ನಡುಗಿದವು. ಅವನ ಮುಖದ ಮೇಲೆ ಹಬ್ಬ.

"ಇದ ನೋಡ! ಇದ ಬೇಕಾಗಿತ್ತು! ಎಷ್ಟ ಖರೇ ಬಂದೈತಿ!"

ಈರವ್ವ ಕಪ್ಪು ಹಿಡಿದುಕೊಂಡೇ ನಿಂತಿದ್ದಳು. ಬೈದದ್ದು ಅವಳಿಗೆ ಹೊಸದಲ್ಲ. ಆದರೆ ಬೈದದ್ದನ್ನು ಮತ್ತೊಮ್ಮೆ ಹಾಕಿ, ಚೆನ್ನಾಗಿದೆ ಅಂತ ಹೊಗಳಿದ್ದು ಹೊಸದು. ಚಹಾ ಆರಿಹೋಗಿತ್ತು, ಅವನು ಅದನ್ನೇ ಖುಷಿಯಿಂದ ಕುಡಿದ.

ಡಬ್ಬಿ ಛಾವಣಿಯ ಹತ್ತಿರ ಕೂತಿತು. ರಿಮೋಟು ವೀರಭದ್ರಪ್ಪನ ಅಂಗಿಯ ಕಿಸೆಯಲ್ಲಿ ಕೂತು ದಿನಾ ಉಲ್ಹಾಸನಗರಕ್ಕೆ ಹೋಗತೊಡಗಿತು. ಮನೆಯಲ್ಲಿಟ್ಟರೆ ಕಳ್ಳನ ಕೈಗೆ ಸಿಗುತ್ತದಂತೆ. ಹೀಗಾಗಿ ಬೆಳಿಗ್ಗೆ ಗಲ್ಲಿ ಕಣ್ಣು ಬಿಡುವ ಮೊದಲೇ ಅವನು ಅತ್ತ ರೈಲು ಹತ್ತಿದರೆ ಇತ್ತ ಈರವ್ವ ಹಿಟ್ಟಿನ ಬುಟ್ಟಿ ಹಿಡಿದು ತನ್ನದೇ ಗ್ಯಾರೇಜಿಗೆ ಕಾಲಿಡುತ್ತಿದ್ದಳು, ಮೇಲಿನಿಂದ ಗಂಡ ಗುಡುಗುತ್ತಿದ್ದ: ಏ! ಯಾಕ ಬಂದಿ ಇಲ್ಲಿ?

"ಇದು ನನಗ್ಯಾಕ ಬೈತೈತ್ರಿ?" ಅಂತ ಕೇಳಿದಳು.

"ಅದಕ್ಕೇನ ಗೊತ್ತ, ಕಳ್ಳ ಯಾರು ಹೆಂಡ್ತಿ ಯಾರು ಅಂತ? ಯಂತ್ರ ಅದು. ಅದಕ್ಕ ಎಲ್ಲಾರೂ ಸಮ."

ಒಂದು ದಿನ ಅದರ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿದಳು. ವೀರಭದ್ರಪ್ಪ ಬಂದು ನೋಡಿ ಬಂದೋಬಸ್ತಿನ ಬಗ್ಗೆ ಪ್ರವಚನ ಕೊಟ್ಟ. ಅದಕ್ಕಿಂತ ಡಬ್ಬಿಯ ಬೈಗುಳವೇ ಚಿಕ್ಕದು ಅನ್ನಿಸಿ ಅವಳು ಸುಮ್ಮನಾದಳು. ಬೈಯುವುದನ್ನು ಬೈಯಲಿ ಅಂತ ಹಿಟ್ಟು ನಾದುತ್ತಿದ್ದಳು, ಅದು ನಿಲ್ಲುವ ಮೊದಲೇ ರೊಟ್ಟಿ ಬಡಿಯಲು ಶುರುಮಾಡುತ್ತಿದ್ದಳು. ಜೋಳದ ರೊಟ್ಟಿ ಲಟ್ಟಣಿಗೆಗೆ ಬಗ್ಗುವುದಲ್ಲ. ಅಂಗೈಯಿಂದ ಬಡಿದೇ ಅಗಲ ಮಾಡಬೇಕು. ಹೊರಗಿನವರಿಗೆ ಕೇಳುತ್ತಿದ್ದದ್ದು ಇಷ್ಟು: ಇಳಿಬಿಟ್ಟ ಶಟರಿನ ಒಳಗಿಂದ ವೀರಭದ್ರಪ್ಪನ ಗರ್ಜನೆ, ಕಾಲು ಮುರಿಯುವ ಮಾತು, ಅದರ ಬೆನ್ನಿಗೇ ಠಪ್, ಠಪ್, ಠಪ್, ಠಪ್.

ಈರವ್ವನಿಗೆ ಇದು ಹೊಳೆಯಲೇ ಇಲ್ಲ. ಒಳಗೆ ನಿಂತವಳಿಗೆ ಹೊರಗೆ ಏನು ಕೇಳುತ್ತದೆ ಅಂತ ಹೇಗೆ ಗೊತ್ತಾಗಬೇಕು?

ಅವಳಿಗೆ ಗೊತ್ತಾದದ್ದು ಬೇರೆ. ಗಲ್ಲಿಯವರು ಇದ್ದಕ್ಕಿದ್ದಂತೆ ರೊಟ್ಟಿ ಕೊಳ್ಳತೊಡಗಿದರು. ಮೊದಲು ಬಂದವಳು ಜಾನಕಿ. ಒಮ್ಮೆ ಖಡಕ್ ರೊಟ್ಟಿ ರುಚಿಗೆ ಕೊಟ್ಟಾಗ 'ಇದನ್ನ ನೆನೆಸಿ ತಿನ್ನಬೇಕಾ?' ಅಂತ ಕೇಳಿದ್ದ ಮೈಸೂರಿನವಳು ಈಗ ವಾರ ವಾರ ಒಂದು ಕಟ್ಟು ಒಯ್ದಳು. ಮನೆಯಲ್ಲೇ ಜೋಳದ ಭಾಕರಿ ಮಾಡಿಕೊಳ್ಳುವ ಸಾವಂತ್ ಕಾಕೂ ಸಹ ಒಯ್ದರು. ಈರವ್ವನ ಎದೆ ಉಬ್ಬಿತು. ರಬಾಳೆಯ ಹುಡುಗರಿಗೆ ಊರಿನ ನೆನಪು, ಅದಕ್ಕೇ ತಿನ್ನುತ್ತಾರೆ. ಇವರಿಗೆ ಅಂಥ ಹಂಗೇನಿದೆ? ಇವರು ಕೊಳ್ಳುವುದು ಬರೇ ರುಚಿಗೆ, ತನ್ನ ಕೈಗುಣಕ್ಕೆ. ಜಾನಕಿಯ ಕಟ್ಟಿಗೆ ಯಾವಾಗಲೂ ನಾಲ್ಕು ರೊಟ್ಟಿ ಹೆಚ್ಚು ಹಾಕಿ, ನಂಚಿಕೊಳ್ಳಲು ಶೇಂಗಾ ಹಿಂಡಿಯ ಪೊಟ್ಟಣ ಇಟ್ಟು ಕೊಡುತ್ತಿದ್ದಳು.

"ಹ್ಯಾಂಗಿದ್ವು ರೊಟ್ಟಿ?" ಅಂತ ಕೇಳಿದರೆ ಜಾನಕಿ, "ತುಂಬಾ ಚೆನ್ನಾಗಿತ್ತು," ಅನ್ನುತ್ತಿದ್ದಳು. ಅನ್ನುವಾಗ ಕಣ್ಣು ಈರವ್ವನ ಮೊಣಕೈಯ ಮೇಲಿರುತ್ತಿತ್ತು. ಅಲ್ಲಿ ಹಂಚಿನ ಅಂಚು ತಾಗಿ ಸುಟ್ಟ ಗುರುತುಗಳು.

"ಇದೇನು?"

"ಹಂಚು ಸುಟ್ಟತವಾ."

ಜಾನಕಿ ಜೊತೆಗೆ ಬಂದ ಸಾವಂತ್ ಕಾಕೂನ ಮುಖ ನೋಡುತ್ತಿದ್ದಳು. ಕಾಕೂ ಉಸಿರೆಳೆದುಕೊಂಡು ಮುಲಾಮಿನ ಟ್ಯೂಬು ಈರವ್ವನ ಕೈಯಲ್ಲಿಟ್ಟು, "ಸಹನ್ ಕರೂ ನಕೋ," ಅನ್ನುತ್ತಿದ್ದರು. ಸಹಿಸಬೇಡ. ಸುಟ್ಟ ಉರಿಯ ಮಾತು ಅಂದುಕೊಂಡು ಈರವ್ವ ತಲೆಯಾಡಿಸುತ್ತಿದ್ದಳು. ಇನ್ನೊಂದು ದಿನ ಕಾಕೂ ಗುಟ್ಟಾಗಿ, ನಿನ್ನ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ಇರಲಿ, ಒಂದು ಜೊತೆ ಬಟ್ಟೆ ಬೇರೆ ಕಟ್ಟಿಟ್ಟಿರು ಅಂದರು. ವಯಸ್ಸಾದವರಿಗೆ ಏನೇನೋ ತೋಚುತ್ತದೆ ಅಂತ ಈರವ್ವ ಇನ್ನೂ ನಾಲ್ಕು ರೊಟ್ಟಿ ಹೆಚ್ಚು ಹಾಕಿದಳು.

ಗಂಡಸರು ವೀರಭದ್ರಪ್ಪನನ್ನು ಕಂಡರೆ ದಾರಿ ಬಿಟ್ಟು ನಿಲ್ಲತೊಡಗಿದರು. ಗಣಪತಿ ನಮಸ್ಕಾರ ನಿಲ್ಲಿಸಿ ಫೋನು ಕಿವಿಗಿಟ್ಟುಕೊಳ್ಳುತ್ತಿದ್ದರು. "ನೋಡಿದೇನು? ಗಲ್ಲಿಯೊಳಗ ನನ್ನ ವಜನ ಹೆಚ್ಚಾಗೇತಿ," ಅಂದ ವೀರಭದ್ರಪ್ಪ.

ಬಸವ ಜಯಂತಿ ಬಂತು. ಠಾಣೆಯ ಕನ್ನಡಿಗರ ದಾಸೋಹಕ್ಕೆ ರೊಟ್ಟಿ ಈರವ್ವನದೇ. ವಾರವಿಡೀ ಬಡಿದಳು, ಡಬ್ಬಿಯೂ ವಾರವಿಡೀ ಬೈಯಿತು. ಆ ದಿನ ನಸುಕಿನಲ್ಲೇ ಬುಟ್ಟಿಗಳನ್ನು ಟೆಂಪೋದಲ್ಲಿ ಕಳಿಸಿ, ಇಲಕಲ್ಲ ಸೀರೆ ಉಟ್ಟು, ಗಂಡನೊಂದಿಗೆ ಲೋಕಲ್ ಹಿಡಿದು ಹೋದಳು. ಪಂಕ್ತಿಯಲ್ಲಿ ಹಿರಿಯರೊಬ್ಬರು ರೊಟ್ಟಿ ಮುರಿದ ಸದ್ದಿಗೇ ತಲೆದೂಗಿ, "ಇನ್ನ ಮ್ಯಾಲ ತಿಂಗಳಾ ನಮ್ಮ ಪ್ರಸಾದಕ್ಕ ನಿಮ್ಮ ರೊಟ್ಟೀನ ಬೇಕವಾ," ಅಂದರು. ಈರವ್ವ ಹೂಂ ಅಂದಳು. ಆ ಹೂಂ ಅವಳ ಗಿರಣಿ, ಅವಳ ಹಂಚು, ಅವಳ ಕಿಟಕಿಯಿಲ್ಲದ ಕೋಣೆಯ ಭರವಸೆಯ ಮೇಲೆ ಅಂದದ್ದು. ಗಾಡಿಯಲ್ಲಿ ಮರಳುವಾಗ ದಾರಿಯುದ್ದಕ್ಕೂ ಅದನ್ನೇ ನೆನೆದು ನಕ್ಕಳು.

ಸಂಜೆಯ ಬೆಳಕಿನ್ನೂ ಇತ್ತು. ರಿಕ್ಷಾ ಗಲ್ಲಿಯ ತಿರುವಿಗೆ ಬಂದಾಗ ಗಂಡನ ದನಿ ಕೇಳಿಸಿತು. ಗಂಡ ಪಕ್ಕದಲ್ಲೇ ಕೂತಿದ್ದ. ಬ್ಯಾಟರಿ ಸೋತು ದನಿ ಎಳೆದೆಳೆದು ಬರುತ್ತಿತ್ತು: ಯಾಆಕ ಬಂದೀಈ ಇಲ್ಲೀಈ.

ಎಲ್ಲ ಮನೆಯ ಕಿಟಕಿಗಳೂ ಮುಚ್ಚಿದ್ದವು. ರಿಕ್ಷಾದ ಸದ್ದಿಗೆ ಒಂದು ಪರದೆ ಸರಿಯಿತು, ಮತ್ತೊಂದು ಸರಿಯಿತು. ಸಾವಂತ್ ಕಾಕೂ ಮಹಡಿಯ ಗ್ಯಾಲರಿಗೆ ಬಂದು ಕೆಳಗೆ ನೋಡಿದರು. ರಿಕ್ಷಾದಿಂದ ವೀರಭದ್ರಪ್ಪ ಇಳಿದ. ಹಿಂದೆಯೇ ಈರವ್ವ, ತಲೆಯಲ್ಲಿ ಹೂವು, ಕೈಯಲ್ಲಿ ಪ್ರಸಾದದ ಚೀಲ. ಅತ್ತ ಗ್ಯಾರೇಜಿನೊಳಗೆ ಅದೇ ವೀರಭದ್ರಪ್ಪ ಹೆಂಡತಿಯ ಕಾಲು ಮುರಿಯುತ್ತಲೇ ಇದ್ದ. ಕಾಕೂ ಒಮ್ಮೆ ಇವನನ್ನು ನೋಡಿದರು, ಒಮ್ಮೆ ಗ್ಯಾರೇಜನ್ನು ನೋಡಿದರು, ಕಂಬಿ ಹಿಡಿದುಕೊಂಡು ಅಲ್ಲೇ ಕೂತರು.

ಶಟರು ಅರ್ಧ ಮೇಲಿತ್ತು, ಒಳಗೆ ಸುಳಿದ ಬೀದಿಬೆಕ್ಕಿಗೂ ಡಬ್ಬಿ ಬೈಯುತ್ತಿತ್ತು. ಬೀಗ ನೆಲದ ಮೇಲೆ ಬಿದ್ದಿತ್ತು. ಒಳಗೆ ಗಿರಣಿ ಇರಲಿಲ್ಲ. ಒಲೆಗಳಿರಲಿಲ್ಲ, ಸಿಲಿಂಡರುಗಳಿರಲಿಲ್ಲ. ಹಂಚೂ ಇರಲಿಲ್ಲ, ಅವ್ವನ ಕೈಯಲ್ಲಿ, ಅವ್ವನ ಅವ್ವನ ಕೈಯಲ್ಲಿ ಕಾದ ಹಂಚು ಗುಜರಿಯ ತೂಕಕ್ಕೆ ಹೋಗಿತ್ತು. ನೆಲದ ಮೇಲೆ ಒಂದಿಷ್ಟು ಜೋಳದ ಹಿಟ್ಟು, ಅದರ ಮೇಲೆ ಬೂಟಿನ ಗುರುತು. ಉಳಿದದ್ದು ಡಬ್ಬಿಯೊಂದೇ. ವೀರಭದ್ರಪ್ಪ ಒಳಗೆ ಕಾಲಿಟ್ಟ ಕೂಡಲೇ ಅದು ಉಳಿದ ಶಕ್ತಿಯನ್ನೆಲ್ಲ ಕೂಡಿಸಿ, ಹೊರಗ ನಡಿ! ಅಂದಿತು. ಅವನು ಬೆಚ್ಚಿ ಹೊರಗೆ ಬಂದ.

ಈಗ ಗಲ್ಲಿ ಹೊರಬಂತು. ಎಲ್ಲರ ಕೈಯಲ್ಲೂ ಕಲ್ಯಾಣದ ದೊಣ್ಣೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಲ್ಲರೂ ಗ್ಯಾರೇಜಿನ ಸುತ್ತ ಕೋಟೆ ಕಟ್ಟಿ ನಿಂತರು. ವೀರಭದ್ರಪ್ಪ ರಿಮೋಟು ಒತ್ತಿದ. ದನಿ ನಿಂತಿತು. ಗಲ್ಲಿಗೆ ಆಗ ಅರ್ಥವಾಯಿತು.

"ಇದು... ಅಲಾರಮ್ಮಾ?" ಅಂದರು ಗಣಪತಿ.

"ಮತ್ತೇನಂದ್ರಿ?" ಅಂದಳು ಈರವ್ವ.

ಜಾನಕಿ ಸೆರಗಿನ ತುದಿ ತಿರುಚುತ್ತ ನಿಂತಳು.

"ಮಧ್ಯಾಹ್ನ ಇದು ಕೂಗಿದ್ದು ನಿಮಗ್ಯಾರಿಗೂ ಕೇಳಸಲಿಲ್ಲೇನು?"

"ಕೇಳಿಸ್ತು. ಬಡಿಯೋ ಸದ್ದೂ ಕೇಳಿಸ್ತು, ದಿನಕ್ಕಿಂತ ಜೋರಾಗಿ. ಅದಕ್ಕೇ ಕಿಟಕಿ ಹಾಕ್ಕೊಂಡ್ವಿ," ಅಂದಳು ಜಾನಕಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಒಂದೊಂದಾಗಿ ಎಲ್ಲ ಹೊರಗೆ ಬಂತು. ಗಂಡ ಬೆಳಿಗ್ಗೆ ಎದ್ದು ಹೆಂಡತಿಯನ್ನು ಗ್ಯಾರೇಜಿಗೆ ಹಾಕಿ ಬಡಿಯುತ್ತಾನೆ ಅಂತ ಗಲ್ಲಿಯೆಲ್ಲ ನಂಬಿತ್ತು. ಭಾಷೆ ಬಾರದವರಿಗೆ ಒಂದೊಂದು ಶಬ್ದದ ಅರ್ಥ ಬಿಡಿಸಿ ಹೇಳಿದವಳು ಜಾನಕಿಯೇ. ಅರ್ಥದಲ್ಲಿ ತಪ್ಪೇನೂ ಇರಲಿಲ್ಲ. 'ಅವರ ಕಡೆ ಹಾಗೇ' ಅಂತ ಗಣಪತಿ ಮೇಲೊಂದು ಟಿಪ್ಪಣಿ ಸೇರಿಸಿದ್ದರು. ಆ ಮಧ್ಯಾಹ್ನ ಕಳ್ಳರು ಬೀಗ ಒಡೆಯುವಾಗ ಸಾವಂತ್ ಕಾಕೂ ಟಿವಿಯ ದನಿ ಹೆಚ್ಚಿಸಿದ್ದರು. ಆಮೇಲೆ ಟೆಂಪೋ ಬಂದು ಗಿರಣಿ ಹೊರಬಂದಾಗ, ಅಂತೂ ಈರವ್ವ ಧೈರ್ಯ ಮಾಡಿ ಮನೆ ಬಿಟ್ಟು ಹೊರಟಳು, ತನ್ನ ಮಾತಿಗೆ ಫಲ ಬಂತು ಅಂತ ಕಾಕೂನ ಕಣ್ಣು ತುಂಬಿತ್ತು. ಗ್ಯಾಲರಿಯಿಂದಲೇ ಕಳ್ಳರಿಗೆ, "ಸಾವಕಾಶ್, ಸಾವಕಾಶ್, ಗಿರಣಿ ಬೀಳಿಸಬೇಡಿ," ಅಂತ ಕೂಗಿ ಹೇಳಿದ್ದರು. ಕಳ್ಳರು ಒಳ್ಳೆಯವರು, ಕೈಯೆತ್ತಿ ನಮಸ್ಕಾರ ಮಾಡಿ ಹೋದರಂತೆ.

ಕೇಳುತ್ತ ಕೇಳುತ್ತ ಈರವ್ವನಿಗೆ ಒಂದೊಂದೇ ನೆನಪಾದವು. ಮುಲಾಮು. ಬ್ಯಾಂಕಿನ ಖಾತೆ. ಒಂದು ಜೊತೆ ಬಟ್ಟೆ. ಇನ್ನೊಂದು ನೆನಪಾದಾಗ ಜಾನಕಿಯ ಕಡೆ ತಿರುಗಿದಳು.

"ಜಾನಕಿ, ನೀವು ರೊಟ್ಟಿ ಒಯ್ತಿದ್ರಲ್ಲವಾ?"

ಜಾನಕಿ ತಲೆ ತಗ್ಗಿಸಿದಳು. "ನಿಮ್ಗೊಂದು ಸಹಾಯ ಆಗ್ಲಿ ಅಂತ... ನಮ್ಮನೇಲಿ ಯಾರಿಗೂ ಅದು ಅಷ್ಟು... ಕೆಲಸದವಳಿಗೆ ಕೊಡ್ತಿದ್ದೆ."

ಗಿರಣಿ ಹೋದದ್ದಕ್ಕೆ ಬಾರದ ಅಳು ಈರವ್ವನಿಗೆ ಈಗ ಬಂತು. ಬಂದದ್ದನ್ನು ನುಂಗಿಕೊಂಡಳು. ಹಂಚು ಕದ್ದವರಾದರೂ ಅದಕ್ಕೊಂದು ಬೆಲೆ ಇದೆ ಅಂತ ತಿಳಿದು ಕದ್ದಿದ್ದರು. ಇವರು ಅವಳ ಕೈಗುಣಕ್ಕೆ ಅಂತ ಕೊಟ್ಟ ಹೊಗಳಿಕೆಯೆಲ್ಲ ಭಿಕ್ಷೆಯಾಗಿತ್ತು.

"ನೀವು ಇದು ಕಳ್ಳರ ಅಲಾರಂ ಅಂತ ಮೊದ್ಲೇ ಒಂದು ಮಾತು ಹೇಳಿದ್ರೆ ಸಾಕಿತ್ತು," ಅಂದರು ಗಣಪತಿ, ದೊಣ್ಣೆಯನ್ನು ನೆಲಕ್ಕೆ ಕುಟ್ಟುತ್ತ. "ಕಳ್ಳ ಅಂತ ಗೊತ್ತಾಗಿದ್ರೆ ಒಂದು ನಿಮಿಷ ತಡ ಮಾಡ್ತಿರಲಿಲ್ಲ. ಅಷ್ಟೂ ಜನ ಓಡಿ ಬರ್ತಿದ್ವಿ."

"ಖರೇನ ಬರ್ತಿದ್ರಿ?"

"ಅಯ್ಯೋ, ಪ್ರಾಮಿಸ್! ಇದು ಬೇರೆ ವಿಷಯ ಅಂದ್ಕೊಂಡ್ವಿ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ. ನಾವು ಮಧ್ಯೆ ಬಂದ್ರೆ ಚೆನ್ನಾಗಿರಲ್ಲ."

ಈರವ್ವ ಅವರನ್ನು ನೋಡಿದಳು. ಕಾಕೂನ ನೋಡಿದಳು. ಎರಡೂ ಕೈ ಎತ್ತಿದ್ದ ಕಾಕೂ.

"ಗಿರಣಿಗೆ ಬರ್ತಿದ್ರಿ," ಅಂದಳು. "ಗಿರಣಿ ಸಲುವಾಗಿ ದೊಣ್ಣಿ ಹಿಡಕೊಂಡು ಬರ್ತಿದ್ರಿ. ಎರಡು ತಿಂಗಳಿಂದ ನನ್ನ ಕಾಲ ಮುರೀತಾರಂತ ತಿಳಕೊಂಡ್ರಿ, ನನ್ನ ಸಲುವಾಗಿ ರೊಟ್ಟಿ ಕೊಂಡ್ರಿ."

ಗಣಪತಿಗೆ ಯಾವುದೋ ಫೋನು ಬಂದಂತಾಯಿತು. ಫೋನಿಗೆ ಹಾಗೇನೂ ಅನ್ನಿಸಿರಲಿಲ್ಲ. ಒಬ್ಬೊಬ್ಬರಾಗಿ ದೊಣ್ಣೆ ಹಿಂದೆ ಮರೆಮಾಡಿಕೊಂಡು ಒಳಗೆ ಹೋದರು. ಪೊಲೀಸರು ಬಂದು ಬೀಗ ನೋಡಿ, ಹಿಟ್ಟು ನೋಡಿ, ಡಬ್ಬಿಯನ್ನು ಒಮ್ಮೆ ಹಾಕಿಸಿ ಕೇಳಿ, ಈರವ್ವನನ್ನು ಪಕ್ಕಕ್ಕೆ ಕರೆದು ನೀವು ಕ್ಷೇಮವೇ ಅಂತ ವಿಚಾರಿಸಿ ಹೋದರು. ಹಾಗೆ ಕೇಳಿದವರು ಅವರೊಬ್ಬರೇ.

ಮನೆಯೊಳಗೆ ವೀರಭದ್ರಪ್ಪ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದ. ಕಳುವಿಗಿಂತ ಆ ಅಪವಾದ ಅವನಿಗೆ ಹೆಚ್ಚು ಹೊಡೆದಿತ್ತು.

"ಮೂವತ್ತ ವರ್ಷದಾಗ ನಿನ್ನ ಮ್ಯಾಲೆ ಒಂದಿನ ಕೈ ಎತ್ತೀನೇನು? ಹೇಳ ಅವರಿಗೆ. ಹೋಗಿ ಹೇಳಿ ಬಾ. ಒಂದಿನ?"

"ಇಲ್ಲ."

"ಮತ್ತ ಹ್ಯಾಂಗ ನಂಬಿದ್ರು ಈ ಮಂದಿ? ಸುಳ್ಳ ಸುಳ್ಳ!"

ಈರವ್ವ ಪ್ರಸಾದದ ಚೀಲ ಮೇಜಿನ ಮೇಲಿಟ್ಟಳು. "ಸುಳ್ಳ ಹ್ಯಾಂಗಾಗತೈತ್ರಿ? ಕಳ್ಳಗ ಬೈಯಾಕ ಹೋಗಿ ಮೂರ ಸಲ ಸೋತ್ರಿ. ನನಗ ಬೈದದ್ದ ಒಂದ ಸಲಕ್ಕ ಕೂತತು. 'ಎಷ್ಟ ಖರೇ ಬಂದೈತಿ' ಅಂದವ್ರು ನೀವ. ಅವರಿಗೂ ಖರೇನ ಅನ್ನಿಸ್ತು."

ವೀರಭದ್ರಪ್ಪ ಎದ್ದು ಅಡುಗೆಮನೆಗೆ ಹೋದ, ಸ್ವಲ್ಪ ಹೊತ್ತಿಗೆ ಎರಡು ಕಪ್ಪು ಚಹಾ ಹಿಡಿದು ಬಂದ. ಸಕ್ಕರೆ ಮರೆತಿದ್ದ. ಈರವ್ವ ಮರೆತದ್ದನ್ನು ಹೇಳಲಿಲ್ಲ, ರಿಮೋಟು ಕೊಡಿ ಅಂತ ಕೈ ಚಾಚಿದಳು. ಅವನು ಕಿಸೆಯಿಂದ ತೆಗೆದು ಕೊಟ್ಟ.

ಹೊಸ ಹಂಚು ಬಂತು. ಅದಿನ್ನೂ ಪಳಗಿಲ್ಲ, ರೊಟ್ಟಿ ಅಂಟಿಕೊಳ್ಳುತ್ತದೆ. ಹಳೆಯ ಗಿರಣಿಯೊಂದನ್ನು ಪ್ರಭುದೇವ ಎಲ್ಲಿಂದಲೋ ಹೊಂದಿಸಿ ತಂದ. ಠಾಣೆಗೆ ಕೊಟ್ಟ ಹೂಂ ಉಳಿಯಿತು. ಗಲ್ಲಿಯವರಿಗೆ ಮಾತ್ರ ಈರವ್ವ ರೊಟ್ಟಿ ಮಾರುವುದಿಲ್ಲ. ಜಾನಕಿಯ ಮನೆಯ ಕೆಲಸದವಳು ಒಂದು ದಿನ ತಾನೇ ಬಂದು, ಆ ರೊಟ್ಟಿ ಸಿಗದೆ ಬಾಯಿ ಕೆಟ್ಟಿದೆ ಅಂದಳು. ಅವಳಿಗೆ ಕಟ್ಟಿನ ಮೇಲೆ ನಾಲ್ಕು ಹೆಚ್ಚು ಬೀಳುತ್ತವೆ, ಜೊತೆಗೆ ಹಿಂಡಿ.

ಶಟರಿನ ಹಿಂದೆ ಈಗ ನಾಲ್ಕು ಸ್ಟೀಲು ತಾಟು, ಮೇಲೊಂದು ಕೊಡಪಾನ ಕೂತಿದೆ. ಡಬ್ಬಿಯೂ ಇದೆ, ಅದರೊಳಗಿನ ಗಂಡನನ್ನು ಈರವ್ವ ಅಳಿಸಿ ಹಾಕಿದಳು. ಮುದ್ರಣಕ್ಕೆ ಅವಳು ಒಬ್ಬಳೇ ನಿಂತಳು, ಒಂದೇ ಸಲಕ್ಕೆ ಮುಗಿಸಿದಳು, ಮರಾಠಿಯಲ್ಲೊಮ್ಮೆ, ತನ್ನ ಭಾಷೆಯಲ್ಲೊಮ್ಮೆ. ಮುಂದಿನ ಭಾನುವಾರ ಮಧ್ಯಾಹ್ನ, ಗಲ್ಲಿ ಉಂಡು ಟಿವಿಯ ಮುಂದೆ ಕೂತ ಹೊತ್ತಿಗೆ, ಪರೀಕ್ಷೆಗೆಂದು ಅದರ ಮುಂದೆ ಕೈ ಆಡಿಸಿದಳು.

"ಲಗೂನ ಬರ್ರಿ!" ಅಂತ ಈರವ್ವನ ದನಿ ಗಲ್ಲಿಯ ತುದಿಯವರೆಗೂ ಹೋಯಿತು. "ಅಂಜಬ್ಯಾಡ್ರಿ! ಯಾರೂ ಹೆಂಡ್ತೀನ ಹೊಡ್ಯಾಕತ್ತಿಲ್ಲ! ಬರೇ ಕಳ್ಳ ಬಂದಾನ!"

ಬಾಗಿಲುಗಳು ಪಟಪಟನೆ ತೆರೆದವು. ಅಷ್ಟೂ ಜನ ದೊಣ್ಣೆ ಹಿಡಿದು ಓಡಿ ಬಂದರು, ಎಲ್ಲರಿಗಿಂತ ಮುಂದೆ ಗಣಪತಿ.